ಚೆನ್ನಾಗಿದೀನಿ ಸಾರ್

“ಏಯ್ ಹೆಂಗಸೇ, ಆಚೆ ನಿಲ್ಲು! ಕಾಯಿಲೆ ನಿಂಗೋ, ನಿನ್ ಗಂಡಂಗೋ?”

ಮಾಜಿ ಸೈನಿಕರ ಆಸ್ಪತ್ರೆಯ ಅಟೆಂಡರ್ ಬಾಗಿಲಿಗೆ ಕೈ ಅಡ್ಡ ಹಾಕಿದ. ಬಟ್ಟೆಗೆ ಇಸ್ತ್ರಿ ಹಾಕಿ ಮನೆ ನಡೆಸುತ್ತಿದ್ದ ಇಸ್ತ್ರಿಯವಳು ಆ ಕೈಯನ್ನು ಅತ್ತ ತಳ್ಳಿ ಗಂಡನ ಹಿಂದೆಯೇ ಒಳಗೆ ನುಗ್ಗಿದಳು. ಈ ಸಲ ಅವನ ಖಿನ್ನತೆಯ ಮಾತ್ರೆಯ ಡೋಸು ಹೆಚ್ಚು ಮಾಡಿಸದೆ ಅವಳು ಮನೆಗೆ ಹೋಗುವವಳಲ್ಲ.

“ಸಣ್ಣ ಡೋಸಿಂದ ಶುರು ಮಾಡೋಣ, ಆಮೇಲೆ ಜಾಸ್ತಿ ಮಾಡ್ತೀನಿ” ಎಂದು ಮೊದಲ ದಿನ ಹೇಳಿದವನು ಇದೇ ಡಾಕ್ಟರ್. ವರ್ಷಗಳೇ ಉರುಳಿದವು, ಡೋಸು ಹಾಗೇ ಇತ್ತು. ತಪ್ಪು ಗಂಡನದೂ ಇತ್ತು ಅನ್ನಿ. ಡಾಕ್ಟರನ ಹೆಗಲ ಮೇಲಿನ ನಕ್ಷತ್ರ ಕಂಡರೆ ಸಾಕು, ಈ ಮನುಷ್ಯನ ಬೆನ್ನು ನೆಟ್ಟಗಾಗುತ್ತಿತ್ತು. ಮೇಲಧಿಕಾರಿ ಹೇಗಿದ್ದೀಯ ಎಂದರೆ ಸಿಪಾಯಿಗೆ ಇರುವ ಉತ್ತರ ಒಂದೇ. ಕಾಲು ಕಳಕೊಂಡವರೂ ಅದನ್ನೇ ಹೇಳಿ ಬರುತ್ತಿದ್ದರು. ಅದು ಗೊತ್ತಿದ್ದೇ ಆ ಮಹಾನುಭಾವ ಹಾಗೆ ಕೇಳುತ್ತಿದ್ದ. ಕೆಲಸ ಬೇಗ ಮುಗಿಯುತ್ತದಲ್ಲ!

“ಹೇಗಿದೀಯಾ?” ಡಾಕ್ಟರ್ ಫೋನಿನಿಂದ ಕಣ್ಣೆತ್ತಲಿಲ್ಲ.

“ಚೆನ್ನಾಗಿದೀನಿ ಸಾರ್!”

“ಗುಡ್. ಅದೇ ಮಾತ್ರೆ ತಗೋ. ಮುಂದಿನೋನು ಬರ್ಲಿ.”

“ಎಲ್ಲಿ ಚೆನ್ನಾಗಿದಾರೆ ಸ್ವಾಮಿ?” ಇಸ್ತ್ರಿಯವಳು ಮೇಜು ಗುದ್ದಿದಳು. “ಸ್ನಾನ ಮಾಡಲ್ಲ. ಮಗಳು ಕರೆದ್ರೆ ತಿರುಗಿ ನೋಡಲ್ಲ. ಗೋಡೆ ನೋಡ್ಕೊಂಡು ಕೂತಿರ್ತಾರೆ. ಒಂದ್ಸಲ ಅವ್ರ ಮುಖ ನೋಡಿ!”

“ನಿನ್ ಗಂಡ ಸಿಪಾಯಿ ಕಣೇ, ನಿನ್ನ ಹಾಗೆ ಅಳುಬುರುಕಿ ಅಲ್ಲ. ನೀನು ಮನೇಲಿ ಬಾಯಿ ಮುಚ್ಕೊಂಡಿದ್ರೆ ಅವನಿಗೆ ಮಾತ್ರೇನೇ ಬೇಕಾಗಲ್ಲ.”

ಅಟೆಂಡರ್ ಕಿಸಕ್ಕನೆ ನಕ್ಕ. ಅವಳ ಮೈ ಉರಿದುಹೋಯಿತು. ಕುತ್ತಿಗೆಗೆ ಸುತ್ತಿದ್ದ ಬಟ್ಟೆಯನ್ನು ಕಿತ್ತೆಸೆದಳು. ಗಂಟಲಿನ ಎರಡೂ ಬದಿಗೆ ಬೆರಳಿನ ಗುರುತು ನೀಲಿಗಟ್ಟಿತ್ತು.

“ನಿದ್ದೆಗಣ್ಣಲ್ಲಿ ಶತ್ರು ಅಂದ್ಕೊಂಡು ಅದುಮಿದ್ರು. ಬೆಳಿಗ್ಗೆ ಎದ್ರೆ ಅವ್ರಿಗೆ ನೆನಪೇ ಇಲ್ಲ. ನಾಳೆ ಮಗೂನ ಅದುಮ್ತಾರೆ. ಆಗ್ಲೂ ಅದೇ ಮಾತ್ರೆ ಬರೀತೀಯೇನೋ, ಬೋಳಿಮಗನೆ?”

ಗಂಡ ಆ ಕುತ್ತಿಗೆಯನ್ನು ನೋಡಿದ. ತನ್ನ ಕೈಗಳನ್ನು ನೋಡಿಕೊಂಡ. ತಿಳಿದರೆ ಪ್ರಾಣ ಕಳಕೊಂಡಾನು ಎಂದು ಹೆದರಿ ಅವಳು ಇಷ್ಟು ದಿನ ಅವನಿಂದ ಮುಚ್ಚಿಟ್ಟಿದ್ದಳು.

“ಎಳ್ಕೊಂಡ್ ಹೋಗೋ ಇವಳನ್ನ!” ಡಾಕ್ಟರ್ ಅಟೆಂಡರನಿಗೆ ಗದರಿದ. ಆಮೇಲೆ ಗಂಡನ ಕಡೆ ತಿರುಗಿದ. “ನೀನೇ ಹೇಳೋ. ಹೇಗಿದೀಯಾ?”

ಅವನ ಹಿಮ್ಮಡಿಗಳು ತಾವಾಗಿ ಕೂಡಿದವು. ಮರುಗಳಿಗೆ ಅವನೇ ಅವನ್ನು ಬಿಡಿಸಿದ. ಮೊಣಕಾಲು ಮಡಿಸಿ, ಮೇಲಧಿಕಾರಿಯ ಎದುರಿಗೇ, ಅಪ್ಪಣೆ ಇಲ್ಲದೆ, ನೆಲದ ಮೇಲೆ ಕೂತುಬಿಟ್ಟ.

“ಏಳೋ ಮೇಲೆ! ಇದು ಆರ್ಡರು!”

“ಏಳಲ್ಲ ಸಾರ್” ಎಂದ. “ನಾನು ಚೆನ್ನಾಗಿಲ್ಲ.”

ಹೊರಗೆ ಸಾಲಿನಲ್ಲಿದ್ದವರು ಬಾಗಿಲಿಗೆ ಬಂದು ಮುತ್ತಿದರು. ಅಟೆಂಡರ್ ಹಿಂದೆ ಸರಿದ. ಇಸ್ತ್ರಿಯವಳು ಗಂಡನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ತಲೆ ಎತ್ತಿ ಡಾಕ್ಟರನನ್ನು ನೋಡಿದಳು.

“ಈಗ ಬರಿಯೋ.”