ಖಾಲಿ ಕ್ರೇಟುಗಳ ಸದ್ದು

ಅಪ್ಪನ ಶವ ಹೊತ್ತು ವ್ಯಾನಿನ ಹಿಂಬಾಗಿಲವರೆಗೆ ಬಂದ ನಾಲ್ವರನ್ನು ಮಗಳು ಎರಡೂ ಕೈ ಚಾಚಿ ತಡೆದಳು.

"ಇದರಲ್ಲಿ ಬೇಡ."

"ಮತ್ತೆ ಮೂರು ಮೈಲಿ ಹೆಗಲ ಮೇಲಾ? ನನ್ನ ಮಂಡಿ ನೋಡಿದ್ದೀಯಾ?" ಚಿಕ್ಕಪ್ಪ ರೇಗಿದ. "ಶವದ ಗಾಡಿ ನಾಳೆಗಂತೆ. ಇಪ್ಪತ್ತು ವರ್ಷ ಈ ವ್ಯಾನು ಓಡಿಸಿದೋನು, ಇವತ್ತೊಂದಿನ ಇದರಲ್ಲೇ ಮಲಗಿ ಹೋಗಲಿ ಬಿಡು."

ವ್ಯಾನಿನ ತುಂಬ ಕ್ರೇಟುಗಳು. ಬೀನ್ಸು, ಸೊಪ್ಪು, ಕುಂಬಳ. ಅಂಗೈಯಗಲದ ಹೊಲಗಳ ಇಪ್ಪತ್ತಾರು ಮನೆಯವರು ಅಳುತ್ತಲೇ ಕಿತ್ತು ತಂದದ್ದು. ಹನ್ನೊಂದರೊಳಗೆ ಇವೆಲ್ಲ ಶಾಲೆಯ ಅಡುಗೆಮನೆ ಸೇರಬೇಕು. ಮಕ್ಕಳ ಊಟವೂ ಗತಿಯಿಲ್ಲದ ಮುದುಕರ ಬುತ್ತಿಯೂ ಬೇಯುವುದು ಅಲ್ಲೇ. ಮಗಳು ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆ ಪಕ್ಕ ಕೂತಿದ್ದಾಗ ಎರಡು ದಿನ ತಪ್ಪಿತ್ತು. ಇನ್ನೊಂದು ದಿನ ತಪ್ಪಿದರೆ ಸರಬರಾಜು ದೊಡ್ಡ ಕಂಪನಿಯ ಪಾಲು. ಆಮೇಲೆ ಈ ಇಷ್ಟಿಷ್ಟು ಸೊಪ್ಪನ್ನು ಬೇರೆ ಯಾರೂ ಮೂಸಿಯೂ ನೋಡುವುದಿಲ್ಲ.

"ಹೆಣ ಹೊತ್ತ ಗಾಡೀಲಿ ಮಕ್ಕಳ ಊಟ ಹೋಗಲ್ಲ ಚಿಕ್ಕಪ್ಪ. ಇದು ಅಪ್ಪಂದೇ ಮಾತು."

"ಅವನ ಮಾತು ಅವನ ಜೊತೆ ಹೋಯ್ತು! ಹೆತ್ತಪ್ಪನಿಗಿಂತ ಕುಂಬಳಕಾಯಿ ಹೆಚ್ಚಾಯ್ತಾ ನಿಂಗೆ?"

"ನಿನ್ನ ಮಂಡಿಗಿಂತ ಹೆಚ್ಚು ಕಣೋ," ಎಂದಳು ಎಲ್ಲರೂ ಬೀನ್ಸಜ್ಜಿ ಎಂದೇ ಕರೆಯುವ ಮುದುಕಿ. "ಬಾಯಿ ಮುಚ್ಚು."

ಯಾರೋ ನಗಲು ಹೋಗಿ ಕೆಮ್ಮಿದರು. ಮಗಳು ರಸ್ತೆಯಾಚೆ ನೋಡಿದಳು. ಗಾರೆಯವನ ಮನೆ ಬಾಗಿಲು ಅರ್ಧ ತೆರೆದಿತ್ತು.

*

ಆರು ವರ್ಷದ ಹಿಂದೆ ಗಾರೆಯವನು ವ್ಯಾನಿನ ಇದೇ ಹಿಂಬಾಗಿಲು ಹಿಡಿದು ನಿಂತಿದ್ದ. ಅವನ ಮನೆಯಲ್ಲಿ ಹೆಂಡತಿ ತೀರಿಕೊಂಡಿದ್ದಳು.

"ಒಂದೇ ಸಲ ಅಣ್ಣಾ. ನಾನೇ ತೊಳೆದು ಕೊಡ್ತೀನಿ."

"ಬೇರೇನಾದ್ರೂ ಕೇಳಪ್ಪ," ಅಪ್ಪ ನೆಲ ನೋಡುತ್ತ ಹೇಳಿದ್ದ. "ಶಾಲೆಯವರಿಗೆ ಗೊತ್ತಾದ್ರೆ ಇಪ್ಪತ್ತಾರು ಮನೆ ಮುಳುಗ್ತವೆ."

ಗಾರೆಯವನು ಸಿಮೆಂಟು ಹೊರುವ ತಳ್ಳುಗಾಡಿಯಲ್ಲೇ ಹೆಂಡತಿಯನ್ನು ಮಲಗಿಸಿಕೊಂಡು ಹೋದ. ಹಿಂದೆ ನಡೆಯಹೋದ ಅಪ್ಪನಿಗೆ "ನೀನು ಬರಬೇಡ" ಎಂದ. ಅವತ್ತು ಅಪ್ಪ ತಟ್ಟೆಯ ಮುಂದೆ ಕೂತವನು ಕೂತೇ ಇದ್ದ. ಅಂದಿನಿಂದ ಎರಡು ಮನೆಗೂ ಮಾತಿಲ್ಲ.

*

"ತಳ್ಳುಗಾಡಿ ಬೇಕಿತ್ತು," ಎಂದಳು ಮಗಳು, ಗಾರೆಯವನ ಹೊಸ್ತಿಲಾಚೆ ನಿಂತು.

"ವ್ಯಾನು ಕೆಟ್ಟಿದೆಯಾ?"

"ಇಲ್ಲ. ತುಂಬಿದೆ."

ಅವನು ಅವಳ ಹೆಗಲ ಮೇಲಿಂದ ರಸ್ತೆಯತ್ತ ನೋಡಿದ. ವ್ಯಾನಿನ ಪಕ್ಕದಲ್ಲೇ ನಾಲ್ವರ ಹೆಗಲ ಮೇಲೆ ಅವಳಪ್ಪ ಕಾಯುತ್ತಿದ್ದ. ಗಾರೆಯವನು ಒಳಗಿಂದ ಕಂಬಳಿ ತಂದು, ತಳ್ಳುಗಾಡಿಯಲ್ಲಿ ಹೆಪ್ಪುಗಟ್ಟಿದ್ದ ಸಿಮೆಂಟಿನ ಮೇಲೆ ಹಾಸಿದ. ಮಡಿಕೆ ಇದ್ದಲ್ಲಿ ಎರಡು ಸಲ ಸವರಿದ.

"ಚಕ್ರ ಎಡಕ್ಕೆ ಎಳೆಯುತ್ತೆ. ನಾನೇ ತಳ್ತೀನಿ. ನೀ ಹೊರಡು, ಹೊತ್ತಾಯ್ತು."

ದಾರಿ ಕವಲೊಡೆಯುವಲ್ಲಿ ತಳ್ಳುಗಾಡಿ ಒಂದು ಕಡೆ, ವ್ಯಾನು ಒಂದು ಕಡೆ ಆಯಿತು.

"ಗಡಗಡ ಅನ್ನಿಸ್ಕೊಂಡು ಬಾರೇ!" ಬೀನ್ಸಜ್ಜಿ ಕೂಗಿದಳು.

ದಿನಾ ಮಧ್ಯಾಹ್ನ ಖಾಲಿ ಕ್ರೇಟುಗಳು ಗಡಗಡಿಸುತ್ತ ಬರುವ ಸದ್ದು ಕೇಳಿದರೆ ಸಾಕು, ಮಾಲೆಲ್ಲ ಸೇರಿತು ಎಂದು ಹೊಲದಲ್ಲಿ ಬಗ್ಗಿದವರು ನೆಟ್ಟಗಾಗಿ ಬೆನ್ನು ನೀವಿಕೊಳ್ಳುತ್ತಿದ್ದರು.

ಹತ್ತೂಮುಕ್ಕಾಲಿಗೇ ಅವಳು ಅಡುಗೆಮನೆಯ ಅಂಗಳ ಮುಟ್ಟಿದಳು. ಅಲ್ಲಿ ಬಿಳಿ ಲಾರಿಯೊಂದು ನಿಂತಿತ್ತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಕುಂಬಳಗಳು ಸಾಲಾಗಿ ಇಳಿಯುತ್ತಿದ್ದವು.

ಅಡುಗೆಯಾಕೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು. "ನಿನ್ನೆ ಸಂಜೇನೇ ಮೇಲಿನವರು ಕಂಪನಿಯವರಿಗೆ ಹೇಳಿಬಿಟ್ರು ಕಣೇ. ಆಸಾಮಿನೇ ಹೋದ ಮೇಲೆ ಇನ್ಯಾರು ತರ್ತಾರೆ ಅಂದ್ರು. ಸಾವಿನ ಮನೆಗೆ ಫೋನ್ ಮಾಡಿ ಇದನ್ನ ಹೇಗೆ ಹೇಳಲಿ?"

"ನಾನು ತಂದಿದ್ದೀನಲ್ಲ. ಇನ್ನೂ ಹನ್ನೊಂದಾಗಿಲ್ಲ."

"ಗೊತ್ತು ಕಣೇ. ಗೊತ್ತು." ಆಕೆ ಒಂದು ಕಟ್ಟು ಸೊಪ್ಪೆತ್ತಿ ಮುಖಕ್ಕೊತ್ತಿಕೊಂಡಳು. ಎತ್ತಿದ ಜಾಗದಲ್ಲೇ ವಾಪಸ್ಸಿಟ್ಟಳು. "ನನ್ನ ಕೈಲೇನಿದೆ, ಸೌಟೊಂದು."

*

ಸ್ಮಶಾನದ ಇಳಿಜಾರಿಗೆ ವ್ಯಾನು ಬಂದಾಗ ಗುಂಡಿ ಅರ್ಧ ಮುಚ್ಚಿತ್ತು. ಎಂಜಿನ್ನಿನ ಸದ್ದಿಗೆ ಎಲ್ಲರೂ ಒಟ್ಟಿಗೇ ಇತ್ತ ತಿರುಗಿದರು. ಅವಳು ಬ್ರೇಕ್ ಒತ್ತಲಿಲ್ಲ. ಕಲ್ಲು, ತಗ್ಗು, ಮತ್ತೆ ಕಲ್ಲು. ಚಕ್ರಗಳು ಒಂದೊಂದನ್ನೂ ಹತ್ತಿ ಇಳಿದವು. ಬೀನ್ಸಜ್ಜಿ ಕಿವಿಗೆ ಕೈಯಾನಿಸಿದಳು. ಗಾರೆಯವನು ಮಣ್ಣು ತುಂಬಿದ ಸಲಿಕೆಯನ್ನು ಎತ್ತಿದವನು ಎತ್ತಿದಂತೆಯೇ ನಿಂತ.

ತುಂಬಿದ ಕ್ರೇಟುಗಳಲ್ಲಿ ಒಂದೂ ಗಡಗಡಿಸಲಿಲ್ಲ.