ಹಿಮ್ಮಡಿಯ ಗಂಟು

ಕಮಲಾಪುರದ ಆ ಕೆಂಪುಬಾಳೆ ತೋಟದ ಮನೆಯಲ್ಲಿ ಹಿಮ್ಮಡಿಯ ಗಂಟಿಗೆ ಮರ್ಯಾದೆ ಹೆಚ್ಚು. ಹಿಮ್ಮಡಿಯ ಹಿಂದಿನ ನರ ದಪ್ಪಗಾಗಿ ಗಂಟು ಕಟ್ಟಿದವನೇ ನಿಜವಾದ ದುಡಿಮೆಗಾರ ಎಂದು ಆ ಮನೆಯವರ ನಂಬಿಕೆ. ಹೊಸ ಬಾಳೆಕಂದು ನೆಡುವಾಗ ಮೊದಲು ಗುದ್ದಲಿ ಹಾಕುವವನು ಅವನೇ. ಮನೆಯೊಡತಿ ಶಿವಕಾಂತಮ್ಮನ ಗಂಡ ದೇವೀಂದ್ರಪ್ಪನಿಗೆ ಆ ಗಂಟಿತ್ತು. ನಲವತ್ನಾಲ್ಕಕ್ಕೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಹಿರಿಯ ಮಗ ವಿವೇಕಾನಂದನಿಗೂ ಇತ್ತು. ನಲವತ್ತೊಂದಕ್ಕೆ ಅವನೂ ಹಾಗೆಯೇ ಎದೆನೋವಿನಿಂದ ಹೋದ. ಈಗ ಉಳಿದವನು ಮೂವತ್ತೆಂಟರ ಕಿರಿಯ ಮಗ ಶಿವಲಿಂಗ. ಅವನಿಗೆ ಎರಡೂ ಕಾಲಲ್ಲಿ ಗಂಟು.

ಆಶಾ ಕಾರ್ಯಕರ್ತೆ ಸೂಗಮ್ಮ ಅದನ್ನು ಕಂಡಾಗಿನಿಂದ ಬೆನ್ನು ಬಿಟ್ಟಿರಲಿಲ್ಲ. ತರಬೇತಿಯಲ್ಲಿ ಇಂಥ ಗಂಟಿನ ಚಿತ್ರ ತೋರಿಸಿದ್ದಾರೆ, ಕೊಲೆಸ್ಟ್ರಾಲ್ ಇದೆಯೇ ಎಂದು ರಕ್ತ ತಪಾಸಣೆ ಮಾಡಿಸಿ ಎಂದು ಬಂದು ಬಂದು ಹೇಳಿದ್ದಳು. ಶಿವಕಾಂತಮ್ಮ ಪ್ರತಿ ಸಲವೂ ಚಹಾ ಕುಡಿಸಿ ಕಳಿಸಿದ್ದಳು. ಕೊಲೆಸ್ಟ್ರಾಲ್ ಎಂದರೆ ಕರಿದದ್ದು ತಿಂದು ಮೈ ಬೆಳೆಸಿದವರ ಕಾಯಿಲೆ. ಜೋಳದ ರೊಟ್ಟಿ ತಿಂದು ಕಡ್ಡಿಯಂತಿರುವ ತನ್ನ ಮಗನಿಗೇಕೆ ಬರುತ್ತದೆ ಎಂಬುದು ಅವಳ ವಾದ. ನಿಜ ಹೇಳಬೇಕೆಂದರೆ ಅವಳಿಗೆ ಭಯ. ಇಬ್ಬರನ್ನು ಕಳೆದುಕೊಂಡ ಜೀವ, ಮೂರನೆಯವನ ರಿಪೋರ್ಟ್ ನೋಡಲು ಹೆದರುತ್ತಿತ್ತು.

ಪಂಚಮಿಗೆ ವಿವೇಕಾನಂದನ ಮಗಳು ಭುವನೇಶ್ವರಿ ಕಲಬುರಗಿಯಿಂದ ಬಂದಳು. ಚಿಕ್ಕಂದಿನಿಂದ ಅಲ್ಲಿನ ಖೂಬಾ ಪ್ಲಾಟ್ ಬಡಾವಣೆಯಲ್ಲಿ ತಾಯಿಯ ತವರಲ್ಲಿ ಬೆಳೆದು, ಈಗ ಅಲ್ಲೇ ಟೀಚರ್ ಆಗಿದ್ದಾಳೆ. ಮೊಮ್ಮಗಳನ್ನು ಎಣ್ಣೆ ನೀರಿಗೆ ಕೂರಿಸಿ ಕಾಲು ತಿಕ್ಕುತ್ತಿದ್ದ ಅಜ್ಜಿಯ ಕೈ ಹಿಮ್ಮಡಿಯ ಮೇಲೆ ನಿಂತುಬಿಟ್ಟಿತು. ಸಣ್ಣದು, ಆದರೆ ಅದೇ ಗಂಟು. ಈ ಹುಡುಗಿ ಒಂದು ದಿನವೂ ಗುದ್ದಲಿ ಮುಟ್ಟಿದವಳಲ್ಲ.

ಶಿವಕಾಂತಮ್ಮ ಎಣ್ಣೆಗೈಯಲ್ಲೇ ಸೂಗಮ್ಮನ ಮನೆಗೆ ಹೋದಳು.

"ತೋಟದಾಗ ದುಡಿಲಾರದಕಿಗೆ ಈ ಗಂಟು ಹ್ಯಾಂಗ ಬಂತು?"

ಸೂಗಮ್ಮ ಅವಳನ್ನು ಕೂರಿಸಿದಳು. "ಆಯಿ, ಇದು ದುಡಿಮಿಯಿಂದ ಬಂದದ್ದಲ್ಲ, ವಂಶದಿಂದ ಬಂದದ್ದು. ಈ ಕೊಲೆಸ್ಟ್ರಾಲ್ ಅನ್ನೋ ಕೊಬ್ಬು ಎಷ್ಟು ತಯಾರ ಮಾಡಬೇಕು, ರಕ್ತದಾಗ ಹೆಚ್ಚಾಗಿದ್ದು ಎಷ್ಟು ತೆಗೀಬೇಕು ಅಂತ ಲಿವರಿಗೆ ಹೇಳೋ ಜೀನ್ ಇರ್ತಾವ. ಅದರಾಗ ಒಂದು ಕೆಟ್ಟಿತ್ತಂದ್ರ ಬರೇ ರೊಟ್ಟಿ ಉಂಡ್ರೂ ಕೊಬ್ಬು ಏರಕೋತ ಹೋಗ್ತದ. ಹೊರಗ ಗಂಟು ಕಟ್ಟತದ, ಒಳಗ ಹೃದಯದ ನಾಳ ಮುಚ್ಚತದ. ತಂದಿ-ತಾಯಿ ಒಬ್ಬರಿಗಿದ್ರ, ಗಂಡಿರಲಿ ಹೆಣ್ಣಿರಲಿ, ಪ್ರತಿ ಕೂಸಿಗೂ ಅರ್ಧಕ್ಕರ್ಧ ಬರೋ ಸಂಭವ ಅದ."

ಶಿವಕಾಂತಮ್ಮ ಕೇಳಿದಳು, "ನಾ ಮೊದಲೇ ತೋರಿಸಿದ್ರ ನನ್ನ ವಿವೇಕಾನಂದ ಉಳೀತಿದ್ನಾ?"

ಸೂಗಮ್ಮನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಿಲ್ಲ ಆಯಿ. ಶಿವಲಿಂಗಣ್ಣಗ ಇನ್ನೂ ವ್ಯಾಳ್ಯಾ ಅದ."

ಎರಡೇ ದಿನಕ್ಕೆ ಶಿವಲಿಂಗ, ಭುವನೇಶ್ವರಿ ಇಬ್ಬರೂ ಕಲಬುರಗಿಯ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ಇಬ್ಬರಿಗೂ ಕೆಟ್ಟ ಕೊಬ್ಬು ಮಿತಿಮೀರಿತ್ತು. ಡಾಕ್ಟರು ದಿನಾ ಗುಳಿಗೆ ಬರೆದರು. ಮೈ ಹಗುರಾಯಿತೆಂದು ತಾವಾಗಿ ಬಿಡಬಾರದು, ಬೀಡಿ ಮುಟ್ಟಬಾರದು ಎಂದರು. ಬಸಿರಿನಲ್ಲಿ ಈ ಗುಳಿಗೆ ಸಾಮಾನ್ಯವಾಗಿ ನಿಲ್ಲಿಸಬೇಕಾಗುತ್ತದೆ, ಹಾಗಾಗಿ ಮಗು ಬೇಕೆಂದಾಗ ಮೊದಲೇ ಬಂದು ಕೇಳಬೇಕೆಂದು ಭುವನೇಶ್ವರಿಗೆ ತಿಳಿಸಿದರು.

ಕಂದು ನೆಡುವ ದಿನ ಶಿವಲಿಂಗ ಎಂದಿನಂತೆ ಗುದ್ದಲಿಗೆ ಕೈ ಹಾಕಿದ. ತಾಯಿ ತಡೆದಳು.

"ಮೊದಲ ಗುಳಿಗಿ ನುಂಗು. ಆಮ್ಯಾಲ ಗುದ್ದಲಿ ಹಿಡಿ."

ಅಕ್ಕ-ಅಣ್ಣಂದಿರೇ, ನಿಮ್ಮ ಮನೆತನದಲ್ಲಿ ಗಂಡಸರು ಐವತ್ತೈದರ ಒಳಗೆ, ಹೆಂಗಸರು ಅರವತ್ತೈದರ ಒಳಗೆ ಹೃದಯಾಘಾತಕ್ಕೆ ತುತ್ತಾಗಿದ್ದರೆ ಮಕ್ಕಳ ಸಮೇತ ಎಲ್ಲರೂ ಕೊಲೆಸ್ಟ್ರಾಲ್ ತಪಾಸಣೆ ಮಾಡಿಸಿ. ಸಣಕಲು ಮೈ ನೋಡಿ ಮೋಸ ಹೋಗಬೇಡಿ. ಶಿವಕಾಂತಮ್ಮನ ಗೋಡೆಯ ಮೇಲೆ ಹಾರ ಹಾಕಿದ ಎರಡು ಫೋಟೋ ಇವೆ. ಮೂರನೆಯದು ಬರಬಾರದೆಂದು ಆಕೆ ದಿನಾ ಮಗನ ಮುಂದೆ ನೀರಿನ ಲೋಟ ಹಿಡಿದು ನಿಲ್ಲುತ್ತಾಳೆ.