ಯಾರ್ಯಾರು ಹೋಗ್ಯಾರ?

ಜಂಬವ್ವ ತನ್ನ ಮನೆ ಬಾಗಿಲಿಗೆ ಬಂದು ನಿಂತದ್ದನ್ನು ನೋಡಿ ಮೂಕಣ್ಣನಿಗೆ ಇವತ್ತು ಸೂರ್ಯ ಯಾವ ಕಡೆ ಹುಟ್ಟಿದನೋ ಅನ್ನಿಸಿತು. ಇಬ್ಬರೂ ಮಾತುಬಿಟ್ಟು ವರ್ಷವಾಗಿತ್ತು. ಇಬ್ಬರೂ ಲೇಬರ್ ಕಾಂಟ್ರಾಕ್ಟರುಗಳೇ. ಕಡ್ಡಿರಾಂಪುರದ ಮೂಕಣ್ಣನದು ಕಾರ್ಖಾನೆಗಳಲ್ಲಿ ಕಬ್ಬಿಣದ ಪೈಪು ಬಿಗಿದು ಅಟ್ಟಣಿಗೆ ಕಟ್ಟುವ ಗಂಡಾಳುಗಳ ಗ್ಯಾಂಗು. ಕಂಪ್ಲಿಯ ಜಂಬವ್ವನದು ಗುಡಿಸಿ ತೊಳೆಯುವ ಹೆಣ್ಣಾಳುಗಳ ಗ್ಯಾಂಗು. ಹೋದ ವರ್ಷ ಮೂಕಣ್ಣ ಕಾರ್ಖಾನೆಯ ಸಾಹೇಬರ ಕಿವಿ ಕಚ್ಚಿ, ಅವಳ ಗ್ಯಾಂಗನ್ನು ಬಿಡಿಸಿ, ಅಲ್ಲಿ ತನ್ನ ಅತ್ತಿಗೆಯ ಕಡೆಯವರನ್ನು ತುರುಕಿದ್ದ. ಅಂದಿನಿಂದ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೂ ಒಬ್ಬರು ಬಸ್ಸಿನ ಬೋರ್ಡು ಓದುತ್ತಿದ್ದರು, ಇನ್ನೊಬ್ಬರು ಆಕಾಶ ನೋಡುತ್ತಿದ್ದರು.

"ಬರ್ರಿ ಜಂಬಕ್ಕ, ಕುಂದ್ರಿ," ಎಂದ, ಮರ್ಯಾದೆಗೆ.

"ಕುಂದ್ರಾಕ ಬಂದಿಲ್ಲ. ಒಂದು ಮಾತು ಕೇಳಿ ಹೊಕ್ಕೀನಿ. ಆ ಗುಜರಾತಿನಾಗ ಹೆಣ್ಮಕ್ಕಳಿಗೆ ಬಚ್ಚಲ ಬ್ಯಾರೆ ಐತೇನು? ಅದು ತಿಳಿಯೋತನಕ ನಮ್ಮ ಗ್ಯಾಂಗಿನ ವಿರುಪಮ್ಮ ಊರು ಬಿಡಾಂಗಿಲ್ಲ ಅಂತ ಹಟ ಹಿಡಿದು ಕುಂತಾಳ."

ಮೂಕಣ್ಣ ನಕ್ಕ. "ನನ್ನ ಯಾಕ ಕೇಳ್ತೀರಿ? ಹೋದವರು ನಿಮ್ಮವರು."

"ನಮ್ಮವರು ಎಲ್ಲಿ ಹೋಗ್ಯಾರ? ನಾವು ನಾಳೆ ರೈಲಿಗೆ ಹೊಂಟೀವಿ. ಹೋದವರು ನಿಮ್ಮವರು. ಫೋಟೊ ನೋಡೇ ನಾನು ಹೂಂ ಅಂದಿದ್ದು."

ಅವನ ನಗು ಅಲ್ಲೇ ಇಂಗಿತು.

ಈ ಕಡೆಯ ಜನ ಜಾಹೀರಾತು ಓದಿ ಕೆಲಸಕ್ಕೆ ಹೋಗುವವರಲ್ಲ. ಪೇಪರಿನಲ್ಲಿ ಬರಲಿ, ಮೊಬೈಲಿನಲ್ಲಿ ಬರಲಿ, ಅವರು ಕೇಳುವುದು ಒಂದೇ ಪ್ರಶ್ನೆ: ಯಾರ್ಯಾರು ಹೋಗ್ಯಾರ? ಗುರುತಿನ ಒಂದು ಹೆಸರು ಸಿಕ್ಕರೆ ಸಾಕು, ಚೋರನೂರಿನಿಂದ ಕಂಪ್ಲಿಯವರೆಗೆ ಗಂಟುಮೂಟೆ ಸಿದ್ಧ. ಏಜೆಂಟ್ ವೆಂಕಟೇಶನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗುಜರಾತಿನ ರಿಫೈನರಿಯಲ್ಲಿ ದೊಡ್ಡ ಕೆಲಸ, ಊಟ ವಸತಿ ಕಂಪನಿಯದೇ ಎಂದು ಹೇಳಿ, ಮೂಕಣ್ಣನಿಗೆ ಜಂಬವ್ವನ ಹೆಣ್ಣಾಳುಗಳ ಫೋಟೊ ತೋರಿಸಿ ಒಪ್ಪಿಸಿದ್ದ. ಅವಳಿಗೆ ಫೋನು ಮಾಡಿ ಕೇಳಬಹುದಿತ್ತಲ್ಲ? ಕೇಳುವುದುಂಟೇ! ಮಾತುಬಿಟ್ಟವರು ಒಬ್ಬರನ್ನೊಬ್ಬರು ಕೇಳುವುದಿಲ್ಲವೆಂದು ಲೆಕ್ಕ ಹಾಕಿಯೇ ಆ ಪುಣ್ಯಾತ್ಮ ಇವರಿಬ್ಬರನ್ನು ಆರಿಸಿದ್ದ.

ಜಂಬವ್ವ ಮೊಬೈಲು ಮುಂದೆ ಹಿಡಿದಳು. 'ಗುಜರಾತಿನಲ್ಲಿ ನಮ್ಮ ಹೊಸಪೇಟೆ ತಂಡ' ಎಂಬ ಕೆಂಪಕ್ಷರದ ಕೆಳಗೆ ಮೂಕಣ್ಣನ ಗ್ಯಾಂಗು ಹೆಲ್ಮೆಟ್ ಹಾಕಿಕೊಂಡು ನಿಂತಿತ್ತು. ನಟ್ಟನಡುವೆ ಹಿರಿಯಾಳು ಪಕ್ಕೀರಪ್ಪ, ಇದ್ದಬದ್ದ ಹಲ್ಲೆಲ್ಲ ತೋರಿಸಿ ನಗುತ್ತಿದ್ದ. ಅವನ ಹಿಂದೆ ನೀಲಿ ತಾಡಪಾಲಿನ ಒಂದು ಮೂಲೆ ಕಾಣುತ್ತಿತ್ತು.

"ಇದು ಗುಜರಾತಲ್ಲ," ಎಂದ ಮೂಕಣ್ಣ. "ನಮ್ಮ ದುರ್ಗಕ್ಕನ ಚಾದಂಗಡಿ. ಸಂಡೂರು ರಸ್ತೆ ಕಾರ್ಖಾನೆ ಗೇಟಿನ ಮುಂದಿಂದು. ಫೈಲಿಗೆ ಬೇಕಂತ ಆ ವೆಂಕಟೇಶನೇ ನಿಂತು ತೆಗೆದಿದ್ದ."

ಇಬ್ಬರೂ ಏಜೆಂಟನಿಗೆ ಫೋನು ಹಚ್ಚಿದರು. ಇಬ್ಬರಿಗೂ ಸ್ವಿಚ್ ಆಫ್. ಮೆಡಿಕಲ್ ಫೀಸೆಂದು ಅವನು ಈಸಿಕೊಂಡದ್ದು ಹೋದರೆ ಹೋಗಲಿ, ಮೂಕಣ್ಣನಿಗೆ ದಿಗಿಲಾದದ್ದು ಬೇರೊಂದು ಮಾತಿಗೆ. ಇವತ್ತು ಎರಡು ಗಂಟೆಗೆ ಶಿಫ್ಟ್ ಬಿಟ್ಟಾಗ ಎಲ್ಲರೂ ಗೇಟ್‌ಪಾಸ್ ವಾಪಸ್ ಕೊಟ್ಟು ಬನ್ನಿರೆಂದು ತಾನೇ ಹೇಳಿ ಕಳಿಸಿದ್ದ. ಹಳೇ ಪಾಸು ಕೊಡದೆ ಇನ್ನೊಂದು ಕಂಪನಿಯಲ್ಲಿ ಹೊಸದು ಆಗುವುದಿಲ್ಲ. ಕೊಟ್ಟ ಮೇಲೆ ಇಲ್ಲಿನ ಬಾಗಿಲು ಮುಚ್ಚಿದಂತೆಯೇ. ಮತ್ತೆ ಒಳಗೆ ಹೋಗಬೇಕೆಂದರೆ ಡಾಕ್ಟರ ತಪಾಸಣೆ, ಟ್ರೇನಿಂಗು, ಯಾರ್ಯಾರದೋ ಸಹಿ. ಪಕ್ಕೀರಪ್ಪನಂಥ ವಯಸ್ಸಾದವರನ್ನು ಆ ಡಾಕ್ಟರು ಎರಡನೇ ಸಲ ಪಾಸು ಮಾಡುವುದು ಕನಸಿನ ಮಾತು.

ಆಳುಗಳ ಮೊಬೈಲುಗಳೆಲ್ಲ ಗೇಟಿನ ಲಾಕರಿನಲ್ಲಿದ್ದವು. ಸೂಪರ್‌ವೈಸರನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮೂಕಣ್ಣ ಬೈಕು ತೆಗೆದ. ಕೇಳದೆಯೇ ಜಂಬವ್ವ ಹಿಂದೆ ಕುಳಿತಳು.

ಅದಿರು ಲಾರಿಗಳ ಸಾಲು ಮುಂದೆ ಸರಿಯುತ್ತಲೇ ಇರಲಿಲ್ಲ. ಕೆಂಪು ಧೂಳು ಕಣ್ಣಿಗೂ ಬಾಯಿಗೂ ತುಂಬಿತು. ಹಿಂದಿನಿಂದ ಜಂಬವ್ವ ಫೋನಿನಲ್ಲಿ ಕೂಗುತ್ತಿದ್ದಳು: "ವಿರುಪಮ್ಮಾ, ಯಾರೂ ಹೊರಡಬ್ಯಾಡ್ರಿ. ಎಲ್ಲಾ ಸುಳ್ಳು. ನಾನ ಮೋಸ ಹೋಗೀನವ್ವಾ, ಬೈಯೋದಾದ್ರ ನನ್ನ ಬೈರಿ." ಎಷ್ಟು ಸುಲಭವಾಗಿ ಅಂದುಬಿಟ್ಟಳಲ್ಲ ಎಂದು ಮೂಕಣ್ಣನಿಗೆ ಹೊಟ್ಟೆಕಿಚ್ಚಾಯಿತು. ಮೇಸ್ತ್ರಿಯ ಮಾತಿಗೆ ಒಮ್ಮೆ ಬಿರುಕು ಬಿದ್ದರೆ ನಾಳೆ ಅವನ ಹಿಂದೆ ಯಾವ ಆಳು ಬರುತ್ತಾನೆ?

"ಕೆಲಸ ಮುಂದಕ್ಕ ಹೋಗೈತಿ ಅಂತೀನಿ," ಎಂದ ತಿರುಗದೆ. "ಅಷ್ಟ ಸಾಕು."

"ನೀನು ಹಂಗಂದ್ರ ನಿನ್ನವರು ಉಳೀತಾರ. ಫೋಟೊ ಎಲ್ಲಾ ಊರಾಗೂ ಅಡ್ಡಾಡಾಕ ಹತ್ತೈತಿ. ಅದರಾಗ ನಿನ್ನ ಗ್ಯಾಂಗು ನೋಡಿ ಹೊರಟವರ ಗತಿ?" ಅವಳ ದನಿ ಬಿರುಸಾಯಿತು. "ಕೋತಿ ತಾ ಕೆಡೋದಲ್ದ ವನ ಎಲ್ಲಾ ಕೆಡಿಸ್ತಂತ."

ಸಿಟ್ಟು ಬಂತು. ಮೂಕಣ್ಣ ಲಾರಿಗಳ ಸಂದಿಯಲ್ಲಿ ಬೈಕು ನುಗ್ಗಿಸಿದ.

ಗೇಟು ಕಂಡಾಗ ಶಿಫ್ಟ್ ಬಿಟ್ಟಾಗಿತ್ತು. ಟೈಮ್ ಆಫೀಸಿನ ಕಿಟಕಿಯ ಮುಂದೆ ಅವನ ಆಳುಗಳು ಸಾಲುಗಟ್ಟಿದ್ದರು. ಬೈಕು ನಿಲ್ಲಿಸದೆಯೇ ಮೂಕಣ್ಣ ಅರಚಿದ: "ಏಯ್, ಕೊಡಬ್ಯಾಡ್ರಲೇ! ಪಾಸು ಕೊಡಬ್ಯಾಡ್ರಿ!"

ಎಲ್ಲರೂ ತಿರುಗಿದರು. ಪಾಸುಗಳಿನ್ನೂ ಕೈಯಲ್ಲೇ ಇದ್ದವು. ಮೂಕಣ್ಣ ಉಸಿರು ಬಿಟ್ಟ. ಕಿಟಕಿಯ ಹತ್ತಿರದಿಂದ ಪಕ್ಕೀರಪ್ಪ ನಗುನಗುತ್ತ ಬಂದ. ಕೊರಳಲ್ಲಿ ಪಾಸಿಲ್ಲದ ಬರೀ ದಾರವಿತ್ತು.

"ನಾ ಆಗಲೇ ಕೊಟ್ನಿ ಮೇಸ್ತ್ರಿ. ಇವರು ಕೊಡ್ಲ್ಯಾ ಬ್ಯಾಡಾ ಅಂತ ಮಿಜಿಮಿಜಿ ಮಾಡಾಕ ಹತ್ತಿದ್ರು. ಮೇಸ್ತ್ರಿ ಹೇಳಿದ ಮ್ಯಾಲೆ ಇನ್ನೇನಲೇ ಅಂತ ನಾನ ಮೊದಲು ಕೊಟ್ಟು ತೋರಿಸಿದ್ನಿ."

ಮೂಕಣ್ಣ ಕಿಟಕಿಗೆ ಓಡಿದ. ಕೈಮುಗಿದ. ಒಳಗಿದ್ದವನು ಕಂಪ್ಯೂಟರು ತೋರಿಸಿ ತಲೆ ಅಲ್ಲಾಡಿಸಿದ, ಪಾಸು ರದ್ದಾಗಿತ್ತು.

ಆಳುಗಳು ಅವನನ್ನೇ ನೋಡುತ್ತಿದ್ದರು. ಮುಂದಕ್ಕೆ ಹೋಗಿದೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆ ಬರಿಯ ದಾರದ ಮುಂದೆ ಅದು ಹೊರಡಲಿಲ್ಲ.

"ಅಲ್ಲಿ ಕೆಲಸಾನ ಇಲ್ಲ," ಎಂದ. "ಯಾರೂ ಹೋಗಿಲ್ಲ. ನಾ ಮೋಸ ಹೋದ್ನಿ, ನಿಮ್ಮನ್ನೂ ಕೆಡವಾಕ ಹೊಂಟಿದ್ನಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಜಂಬವ್ವ ದುರ್ಗಕ್ಕನ ಅಂಗಡಿಯ ಮುಂದೆ ಮೊಬೈಲು ಹಿಡಿದು ನಿಂತಳು. "ಅದ ಜಾಗದಾಗ ನಿಂದರ್ರಿ ಎಲ್ಲಾರೂ. ಅಂಗಡಿ ಪೂರಾ ಕಾಣ್ಲಿ. ಮೂಕಣ್ಣ, ಈಗ ಹೇಳಿದ್ದನ್ನ ಇದರಾಗ ಹೇಳು. ಎಲ್ಲಾ ಗ್ರೂಪಿಗೂ ಹಾಕ್ತೀನಿ."

ಎಲ್ಲರೂ ತಾಡಪಾಲಿನ ಕೆಳಗೆ ನಿಂತರು. ಪಕ್ಕೀರಪ್ಪ ಮಾತ್ರ ದೂರದಲ್ಲೇ ಉಳಿದ. ದಾರವನ್ನು ಬೆರಳಿಗೆ ಸುತ್ತುತ್ತ ಕೇಳಿದ: "ನಾನೂ ನಿಂದರಬೇಕೇನ್ರಿ ಮೇಸ್ತ್ರಿ? ನಾ ಈಗ ನಿಮ್ಮ ಗ್ಯಾಂಗಿನವ ಅಲ್ಲಲ್ಲ."

ಮೂಕಣ್ಣ ಅವನ ಹೆಗಲು ಹಿಡಿದು ತಂದು ನಡುವೆ ನಿಲ್ಲಿಸಿದ. ಆಮೇಲೆ ಮೊಬೈಲು ನೋಡುತ್ತ ತನ್ನ ಹೆಸರು ಹೇಳಿದ, ಊರು ಹೇಳಿದ. ಯಾರೂ ಹೋಗಿಲ್ಲ, ಹೋಗಬ್ಯಾಡ್ರಿ ಎಂದ. ಒಬ್ಬ ಮನುಷ್ಯನ ಪಾಸು ತನ್ನ ಮಾತಿನಿಂದ ಹೋಯಿತು ಎಂದೂ ಹೇಳಿದ.

ಪಕ್ಕದಲ್ಲಿ ಪಕ್ಕೀರಪ್ಪ, ಮೊಬೈಲು ಕಂಡ ರೂಢಿಗೆ, ಹೋದ ಸಲದ ಹಾಗೆಯೇ ಹಲ್ಲು ತೋರಿಸಿ ನಗುತ್ತಿದ್ದ. ಮೂಕಣ್ಣನಿಗೆ ಆ ಕಡೆ ತಿರುಗಿ ನೋಡಲಾಗಲಿಲ್ಲ.